313ರಿಂದ 430: ಗಾಳಿಯ ಲೆಕ್ಕ ಬರೆದಿಟ್ಟ ಬೆಟ್ಟ

1958ರ ಮಾರ್ಚ್ 29. ಪೆಸಿಫಿಕ್ ಸಾಗರದ ನಟ್ಟನಡುವಿನ ಹವಾಯಿ ದ್ವೀಪದಲ್ಲಿ, ಮೌನಾ ಲೋವಾ ಎಂಬ ಜ್ವಾಲಾಮುಖಿ ಬೆಟ್ಟದ ಇಳಿಜಾರಿನ ಸಣ್ಣ ಕಟ್ಟಡವೊಂದರಲ್ಲಿ ಹೊಸದಾಗಿ ಜೋಡಿಸಿದ ಯಂತ್ರವೊಂದು ಒಂದು ಅಂಕಿಯನ್ನು ಕಾಗದದ ಮೇಲೆ ಮೂಡಿಸಿತು: 313. ಅಲ್ಲಿನ ಒಣಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ 313 ಮಾತ್ರ ಇಂಗಾಲದ ಡೈಆಕ್ಸೈಡ್ ಅಣುಗಳು ಎಂದು ಅದರ ಅರ್ಥ. 2025ರ ಮೇ ತಿಂಗಳಲ್ಲಿ ಅದೇ ಬೆಟ್ಟದ ಸರಾಸರಿ ಅಂಕಿ 430ನ್ನು ದಾಟಿತು.

ಈ ಎರಡು ಅಂಕಿಗಳ ನಡುವೆ 67 ವರ್ಷಗಳಿವೆ, ಅಂದರೆ 5 ಲಕ್ಷ 80 ಸಾವಿರಕ್ಕೂ ಹೆಚ್ಚು ಗಂಟೆಗಳು. ಅಷ್ಟೂ ಕಾಲ, ಬೆರಳೆಣಿಕೆಯ ಅಡ್ಡಿಗಳನ್ನು ಬಿಟ್ಟರೆ, ಅಮೆರಿಕದ ಈ ಸರ್ಕಾರಿ ಪ್ರಯೋಗಾಲಯದಲ್ಲಿ ಒಂದೇ ಗಾಳಿಯನ್ನು ಒಂದೇ ರೀತಿಯಲ್ಲಿ ಅಳೆಯುತ್ತಲೇ ಬಂದಿದ್ದಾರೆ. ಇಲ್ಲಿ ರಾಕೆಟ್ ಹಾರಲಿಲ್ಲ, ಅಣು ಒಡೆಯಲಿಲ್ಲ. ಅಳೆದದ್ದನ್ನು ಬರೆದಿಟ್ಟರು, ಮರುದಿನ ಮತ್ತೆ ಅಳೆದರು, ಅಷ್ಟೇ. ಭೂಮಿಯ ಬಗ್ಗೆ ಮನುಷ್ಯ ತಿಳಿದುಕೊಂಡ ಅತಿ ದೊಡ್ಡ ಸಂಗತಿಗಳಲ್ಲಿ ಒಂದು ಬೆಳಕಿಗೆ ಬಂದದ್ದು ಈ ಬಿಡದ ಎಣಿಕೆಯಿಂದಲೇ.

ಹತ್ತು ಲಕ್ಷದಲ್ಲೊಂದು ಎಂದರೆ

ವಿಜ್ಞಾನಿಗಳು ಈ ಅಳತೆಗೆ ಪಿಪಿಎಂ ಎನ್ನುತ್ತಾರೆ, ಹತ್ತು ಲಕ್ಷದಲ್ಲಿ ಒಂದು ಭಾಗ. ಇದನ್ನು ಕಣ್ಣಿಗೆ ತಂದುಕೊಳ್ಳಬೇಕೆಂದರೆ ದಪ್ಪಕ್ಕಿಯ ಚೀಲವೊಂದನ್ನು ನೆನೆಸಿಕೊಳ್ಳಿ. ಸುಮಾರು ಇಪ್ಪತ್ತು ಕಿಲೋ ಅಕ್ಕಿಯಲ್ಲಿ ಹೆಚ್ಚೂಕಡಿಮೆ ಹತ್ತು ಲಕ್ಷ ಕಾಳುಗಳಿರುತ್ತವೆ. ಆ ಚೀಲದಲ್ಲಿ 313 ಕಾಳು ಎಂದರೆ ಒಂದೂವರೆ ಚಮಚಕ್ಕಿಂತ ಹೆಚ್ಚಿಲ್ಲ. 67 ವರ್ಷಗಳಲ್ಲಿ ಅದಕ್ಕೆ ಸೇರಿದ್ದು ಒಂದು ಚಿಟಿಕೆ. ಕಾಳು ಒಂದರ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಈ ಪ್ರಯೋಗಾಲಯ ಹಿಡಿಯಬೇಕಿತ್ತು. ಹತ್ತು ಚೀಲ ಅಕ್ಕಿ ಸುರಿದು, ಅದರಲ್ಲಿ ಒಂದು ಕಾಳು ಹೆಚ್ಚೋ ಕಡಿಮೆಯೋ ಎಂದು ಹೇಳುವಷ್ಟು ಸೂಕ್ಷ್ಮ ಲೆಕ್ಕ ಅದು.

ಈಗ ಅದೇ ಚಿಟಿಕೆಯನ್ನು ಭೂಮಿಯ ತಕ್ಕಡಿಯಲ್ಲಿಟ್ಟು ನೋಡೋಣ. ನಮ್ಮ ತಲೆಯ ಮೇಲಿನ ವಾಯುಮಂಡಲದ ಒಟ್ಟು ತೂಕ 5 ಸಾವಿರ ಲಕ್ಷ ಕೋಟಿ ಟನ್‌ಗೂ ಹೆಚ್ಚು. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಒಂದೇ ಒಂದು ಪಿಪಿಎಂ ಏರಬೇಕೆಂದರೆ ಸುಮಾರು 780 ಕೋಟಿ ಟನ್ ಅನಿಲ ಸೇರಬೇಕು. 1959ರಲ್ಲಿ ಮೌನಾ ಲೋವಾದ ವಾರ್ಷಿಕ ಸರಾಸರಿ 316ರಷ್ಟಿತ್ತು. 2024ರಲ್ಲಿ ಅದು 424ನ್ನು ದಾಟಿತ್ತು. ಗುಣಿಸಿದರೆ ಆ ಅವಧಿಯಲ್ಲಿ ಗಾಳಿಗೆ ಸೇರಿ ಅಲ್ಲೇ ಉಳಿದ ಇಂಗಾಲದ ಡೈಆಕ್ಸೈಡ್ ಸುಮಾರು 84 ಸಾವಿರ ಕೋಟಿ ಟನ್. ಕಣ್ಣಿಗೆ ಕಾಣದ, ವಾಸನೆಯಿಲ್ಲದ, ಉಸಿರಾಡಿದರೂ ಗೊತ್ತಾಗದ ಅನಿಲದ ತೂಕ ಇದು.

ಅಳೆಯುವುದಕ್ಕೆ ಬೆಟ್ಟವೇ ಏಕೆ?

ಮೌನಾ ಲೋವಾ ಸಾಮಾನ್ಯ ಬೆಟ್ಟವಲ್ಲ. ಸಮುದ್ರಮಟ್ಟದಿಂದ ಅದರ ನೆತ್ತಿಗೆ 4,169 ಮೀಟರ್. ಆದರೆ ಅದರ ಬುಡವಿರುವುದು ಸಾಗರದ ತಳದಲ್ಲಿ. ಅಲ್ಲಿಂದ ಅಳೆದರೆ ಎತ್ತರ 9 ಸಾವಿರ ಮೀಟರನ್ನು ಮೀರುತ್ತದೆ, ಎವರೆಸ್ಟಿನ 8,849 ಮೀಟರಿಗಿಂತ ಹೆಚ್ಚು. ಹವಾಯಿಯ ದೊಡ್ಡ ದ್ವೀಪದ ಅರ್ಧದಷ್ಟು ನೆಲ ಈ ಒಂದೇ ಬೆಟ್ಟದ ಮೈ. ಸುತ್ತಲೂ ಸಾವಿರಾರು ಕಿಲೋಮೀಟರ್ ಬರೀ ನೀರು. ಕಾರ್ಖಾನೆಗಳಿಲ್ಲ, ಮಹಾನಗರಗಳಿಲ್ಲ. ಪ್ರಯೋಗಾಲಯವಿರುವುದು 3,397 ಮೀಟರ್ ಎತ್ತರದಲ್ಲಿ, ಹುಲ್ಲೂ ಹುಟ್ಟದ ಕಪ್ಪು ಲಾವಾ ಬಂಡೆಗಳ ನಡುವೆ.

ಅಮೆರಿಕದ ಹವಾಮಾನ ಇಲಾಖೆಗೆ ಈ ಜಾಗದ ಮೇಲೆ ಕಣ್ಣು ಬಿದ್ದದ್ದು 1950ರ ದಶಕದ ಆರಂಭದಲ್ಲಿ. 1951ರಲ್ಲಿ ಬೆಟ್ಟದ ತುದಿಯಲ್ಲಿ ಒಂದು ಪುಟ್ಟ ವೀಕ್ಷಣಾ ಗುಡಿಸಲು ಎದ್ದಿತು. ಅಲ್ಲಿಗೆ ಹೋಗಿಬರುವುದೇ ಕಷ್ಟವಾದಾಗ, ಕೆಳಗೆ ಇಳಿಜಾರಿನಲ್ಲಿ ಈಗಿನ ವೀಕ್ಷಣಾಲಯವನ್ನು ಕಟ್ಟಿ 1956ರಲ್ಲಿ ಕೆಲಸ ಶುರುಮಾಡಿದರು. ಒಂದೇ ವಾಹನ ಹೋಗುವಷ್ಟು ಅಗಲದ ರಸ್ತೆ, ಒಂದೆರಡು ಕೋಣೆ, ಹವೆ ನೋಡುವ ಮಾಮೂಲಿ ಉಪಕರಣಗಳು. ಇದರ ಹೆಸರು ಮುಂದೆ ಜಗತ್ತಿನ ಪಠ್ಯಪುಸ್ತಕಗಳನ್ನೆಲ್ಲ ಸೇರುತ್ತದೆಂದು ಆಗ ಯಾರೂ ಎಣಿಸಿರಲಿಕ್ಕಿಲ್ಲ.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ಯುವ ರಸಾಯನಶಾಸ್ತ್ರಜ್ಞನಿಗೆ ಗಾಳಿ ಅಳೆಯುವ ಹುಚ್ಚು ಹಿಡಿದಿತ್ತು. 1955ರಲ್ಲಿ ಆತನಿಗೆ 27 ವರ್ಷ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂಬ ಪ್ರಶ್ನೆಗೆ ಅಂದಿನ ಪುಸ್ತಕಗಳಲ್ಲಿ ಊರಿಗೊಂದು, ಹೊತ್ತಿಗೊಂದು ಉತ್ತರವಿತ್ತು. ಇದ್ದ ಉಪಕರಣಗಳು ಸಾಲದೆಂದು ಕೀಲಿಂಗ್ ತಾವೇ ಒಂದನ್ನು ತಯಾರಿಸಿಕೊಂಡರು. ಹೆಂಡತಿ ಮತ್ತು ಕೈಗೂಸಿನೊಡನೆ ಬಿಗ್ ಸರ್ ಎಂಬ ಕಡಲಂಚಿನ ಕಾಡಿಗೆ ಹೋಗಿ ಬಿಡಾರ ಹೂಡಿದರು. ಹಗಲೆನ್ನದೆ ರಾತ್ರಿಯೆನ್ನದೆ ಕೆಲವು ಗಂಟೆಗೊಮ್ಮೆ ಎದ್ದು ಗಾಜಿನ ಬುರುಡೆಗಳಲ್ಲಿ ಗಾಳಿ ತುಂಬಿಸಿದರು.

ಆ ಗಾಜಿನ ಬುರುಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಐದು ಲೀಟರ್ ಹಿಡಿಯುವ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಮುಚ್ಚಿದ ದುಂಡನೆಯ ಪಾತ್ರೆ. ಅದನ್ನು ಹಿಡಿದವರು ಬಯಲಿಗೆ ಬಂದು ಗಾಳಿ ಬೀಸುವ ದಿಕ್ಕಿಗೆ ಮುಖಮಾಡಿ, ಉಸಿರು ಬಿಗಿಹಿಡಿದು, ಪಾತ್ರೆಯನ್ನು ಮುಂದಕ್ಕೆ ಚಾಚಿ ಬಿರಡೆ ತಿರುಗಿಸುತ್ತಾರೆ. ಸುಯ್ ಎಂದು ಗಾಳಿ ಒಳನುಗ್ಗುತ್ತದೆ. ಬಿರಡೆ ಮುಚ್ಚಿದ ಮೇಲಷ್ಟೇ ಉಸಿರು ಬಿಡಬೇಕು. ಇಷ್ಟು ಕಟ್ಟುನಿಟ್ಟು ಏಕೆಂದರೆ ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು 40,000 ಪಿಪಿಎಂ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಹೊರಗಿನ ಗಾಳಿಯ ನೂರು ಪಟ್ಟು. ಒಂದು ನಿಟ್ಟುಸಿರು ತಾಗಿದರೆ ಸಾಕು, ಮಾದರಿ ಕೆಟ್ಟುಹೋಗುತ್ತದೆ. ಇಂದಿಗೂ ಪ್ರಪಂಚದ ಹತ್ತಾರು ದೂರದ ನೆಲೆಗಳಲ್ಲಿ ಗಾಳಿ ಹಿಡಿಯುವವರು ಉಸಿರು ಬಿಗಿಹಿಡಿದೇ ನಿಲ್ಲುತ್ತಾರೆ.

ಆ ಬುರುಡೆಗಳು ಕೀಲಿಂಗರಿಗೆ ಒಂದು ಅನಿರೀಕ್ಷಿತ ಸತ್ಯ ಹೇಳಿದವು. ರಾತ್ರಿಯ ಅಂಕಿ ಎತ್ತೆತ್ತಲೋ ಹೋಗುತ್ತಿತ್ತು, ಆದರೆ ಮಧ್ಯಾಹ್ನದ ಅಂಕಿ ಎಲ್ಲಿ ಅಳೆದರೂ 310ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಗಾಳಿ ಮೇಲಿನವರೆಗೂ ಚೆನ್ನಾಗಿ ಬೆರೆಯುತ್ತದೆ. ಹಾಗಾದರೆ ಇಡೀ ವಾಯುಮಂಡಲಕ್ಕೆ ಒಂದು ಮೂಲ ಅಂಕಿ ಇದೆ, ಸ್ಥಳೀಯ ಕಲಬೆರಕೆಯಿಲ್ಲದ ಜಾಗದಲ್ಲಿ ನಿಂತು ಅಳೆದರೆ ಅದು ಸಿಕ್ಕೀತು.

1957-58 ಅಂತರರಾಷ್ಟ್ರೀಯ ಭೂಭೌತ ವರ್ಷ. ಹತ್ತಾರು ದೇಶಗಳು ಭೂಮಿಯನ್ನು ಒಟ್ಟಾಗಿ ಅಳೆಯಲು ಹೊರಟಿದ್ದ ಕಾಲ. ಸ್ಕ್ರಿಪ್ಸ್ ಸಾಗರ ಸಂಸ್ಥೆಯ ರೋಜರ್ ರೆವೆಲ್ ಮತ್ತು ಹವಾಮಾನ ಇಲಾಖೆಯ ಸಂಶೋಧನಾ ಮುಖ್ಯಸ್ಥ ಹ್ಯಾರಿ ವೆಕ್ಸ್ಲರ್ ಕೀಲಿಂಗರಿಗೆ ಬೆಂಬಲವಾಗಿ ನಿಂತರು. ಹಲವು ಕಡೆ ಒಮ್ಮೆ ಅಳೆದು, ವರ್ಷಗಳ ನಂತರ ಮತ್ತೊಮ್ಮೆ ಅಳೆದು ಹೋಲಿಸಿದರೆ ಸಾಕು ಎಂಬುದು ರೆವೆಲ್ ಅವರ ಮೊದಲ ಯೋಚನೆ. ಒಂದೇ ಕಡೆ ಬಿಡದೆ ಅಳೆಯಬೇಕು ಎಂಬುದು ಕೀಲಿಂಗರ ಹಟ. ಅಂತೂ ಬೆಟ್ಟಕ್ಕೆ ಯಂತ್ರ ಬಂತು, ಅದರ ಜೊತೆ ಆ ಹಟವೂ ಬಂತು.

ಬೇಡದ ಗಾಳಿಯನ್ನು ಸೋಸುವುದು

ಯಂತ್ರದ ಕೆಲಸ ಕೇಳಲು ಸರಳ. ಇಂಗಾಲದ ಡೈಆಕ್ಸೈಡ್ ಅವಗೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಗೋಪುರದ ಮೇಲಿಂದ ಕೊಳವೆಯಲ್ಲಿ ಗಾಳಿ ಎಳೆದು, ಅದರ ತೇವವನ್ನು ಹೆಪ್ಪುಗಟ್ಟಿಸಿ ತೆಗೆದು, ಕಿರಣ ಹಾಯಿಸುತ್ತಾರೆ. ಎಷ್ಟು ಕಿರಣ ಕಡಿಮೆಯಾಯಿತೋ ಅಷ್ಟು ಅನಿಲವಿದೆ ಎಂದರ್ಥ. ನಡುನಡುವೆ, ಅಂಕಿ ಮೊದಲೇ ಗೊತ್ತಿರುವ ಗಾಳಿಯನ್ನು ಸಿಲಿಂಡರಿನಿಂದ ಹಾಯಿಸಿ ಯಂತ್ರದ ಸತ್ಯಪರೀಕ್ಷೆ ಮಾಡುತ್ತಾರೆ. ಆ ಸಿಲಿಂಡರಿಗೂ ಒಂದು ಮೇಲಿನ ಪ್ರಮಾಣ, ಅದಕ್ಕೂ ಇನ್ನೊಂದು. ಇಡೀ ಜಗತ್ತಿನ ಇಂಗಾಲದ ಡೈಆಕ್ಸೈಡ್ ಅಳತೆಯ ಮೂಲ ಪ್ರಮಾಣವನ್ನು ಇಂದು ಕಾಪಾಡುತ್ತಿರುವುದು ಕೊಲರಾಡೋದ ಬೌಲ್ಡರ್ ನಗರದಲ್ಲಿರುವ, ಈ ವೀಕ್ಷಣಾಲಯದ ಮಾತೃಸಂಸ್ಥೆಯ ಪ್ರಯೋಗಾಲಯ.

ನಿಜವಾದ ಕಷ್ಟವಿರುವುದು ಬೆಟ್ಟದ ಗಾಳಿಯಲ್ಲಿ. ಹಗಲು ಬಂಡೆ ಕಾದಾಗ ಗಾಳಿ ಕೆಳಗಿನಿಂದ ಮೇಲೇರುತ್ತದೆ. ಅದು ಕಾಡು-ತೋಟಗಳನ್ನು ಹಾದು ಬಂದ ಗಾಳಿ, ಎಲೆಗಳು ಅದರಿಂದ ಇಂಗಾಲವನ್ನು ಹೀರಿಬಿಟ್ಟಿರುತ್ತವೆ. ರಾತ್ರಿ ಬಂಡೆ ತಣಿದಾಗ ಗಾಳಿ ಮೇಲಿನಿಂದ ಕೆಳಗಿಳಿಯುತ್ತದೆ. ಅದು ಸಾವಿರಾರು ಕಿಲೋಮೀಟರ್ ಸಾಗರದ ಮೇಲೆ ಬೆರೆತು ಬಂದ ಶುದ್ಧ ಗಾಳಿ. ಆದರೆ ಕೆಲವು ರಾತ್ರಿ ಜ್ವಾಲಾಮುಖಿಯ ಬಾಯಿಂದ ಹೊಗೆಯೂ ಅದರ ಜೊತೆ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಅಂಕಿ ಕುಣಿಯುತ್ತದೆ, ಶುದ್ಧ ಗಾಳಿಯಿದ್ದಾಗ ಗಂಟೆಗಟ್ಟಲೆ ಕದಲದೆ ನಿಲ್ಲುತ್ತದೆ. ಕುಣಿದದ್ದನ್ನು ಬದಿಗಿಟ್ಟು, ಕದಲದೆ ನಿಂತದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಜ್ವಾಲಾಮುಖಿಯ ಮೇಲೆ ಕೂತು ಅಳೆದ ಅಂಕಿಯನ್ನು ನಂಬುವುದು ಹೇಗೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಜೊತೆಗೆ ಇನ್ನೊಂದು ಸಾಕ್ಷಿ: 1974ರಿಂದ ಈ ಬೆಟ್ಟದಲ್ಲಿ ಸರ್ಕಾರಿ ಪ್ರಯೋಗಾಲಯ ಮತ್ತು ಸ್ಕ್ರಿಪ್ಸ್ ಸಂಸ್ಥೆ ಬೇರೆಬೇರೆ ಯಂತ್ರಗಳಿಂದ, ಬೇರೆಬೇರೆಯಾಗಿ ಅಳೆಯುತ್ತಿವೆ. ಅರ್ಧ ಶತಮಾನದ ಮೇಲೂ ಎರಡರ ತಿಂಗಳ ಸರಾಸರಿಗಳು ಸಾಮಾನ್ಯವಾಗಿ ಅರ್ಧ ಪಿಪಿಎಂ ಒಳಗೇ ಹೊಂದುತ್ತವೆ.

1958ರಲ್ಲಿ ಕೂರಿಸಿದ ಸ್ಕ್ರಿಪ್ಸ್‌ನ ಆ ಮೊದಲ ಯಂತ್ರ ಎಷ್ಟು ಕಾಲ ಬಾಳಿತೆಂದು ಊಹಿಸಬಲ್ಲಿರಾ? 2006ರವರೆಗೆ, ಸುಮಾರು 48 ವರ್ಷ. ಅದನ್ನು ತಂದ ಕೀಲಿಂಗ್ 2005ರಲ್ಲಿ ತೀರಿಕೊಂಡಾಗಲೂ ಅದು ಕೆಲಸ ಮಾಡುತ್ತಲೇ ಇತ್ತು.

ಭೂಮಿಯ ಉಸಿರಾಟ ಕಂಡಿತು

ಮೊದಲ ವರ್ಷ ಕೀಲಿಂಗರಿಗೆ ನೆಮ್ಮದಿ ಇರಲಿಲ್ಲ. ಅಂಕಿ ಮೇ ತಿಂಗಳವರೆಗೆ ಏರಿತು. ವಿದ್ಯುತ್ ಕೈಕೊಟ್ಟು ಯಂತ್ರ ನಿಂತಿತು. ಮತ್ತೆ ಶುರುವಾದಾಗ ಅಂಕಿ ಕೆಳಗಿಳಿದಿತ್ತು. ಎಲ್ಲೋ ತಪ್ಪಾಗಿದೆಯೆಂಬ ಅನುಮಾನ ಕಾಡಿತು. ಎರಡನೇ ವರ್ಷವೂ ಅದೇ ಏರಿಳಿತ ಬಂದಾಗ ಅನುಮಾನ ಹರಿಯಿತು. ಏರುವುದು ಮೇ ತಿಂಗಳವರೆಗೆ, ಇಳಿಯುವುದು ಸೆಪ್ಟೆಂಬರ್-ಅಕ್ಟೋಬರ್‌ವರೆಗೆ, ನಡುವಿನ ಅಂತರ ಸುಮಾರು 6 ಪಿಪಿಎಂ. ತಪ್ಪಾಗಿದ್ದುದು ಯಂತ್ರವಲ್ಲ, ಕಾಡುಗಳು ಚಿಗುರುತ್ತಿದ್ದವು.

ಭೂಮಿಯ ನೆಲದಲ್ಲಿ ಸುಮಾರು ಮೂರನೇ ಎರಡು ಭಾಗ ಉತ್ತರಾರ್ಧಗೋಳದಲ್ಲಿದೆ. ಸೈಬೀರಿಯದಿಂದ ಕೆನಡಾವರೆಗೆ ಕೋಟ್ಯಂತರ ಮರಗಳು ವಸಂತದಲ್ಲಿ ಎಲೆ ಬಿಟ್ಟಾಗ ಗಾಳಿಯ ಇಂಗಾಲ ಎಲೆಗಳೊಳಗೆ ಸೇರುತ್ತದೆ. ಶರತ್ಕಾಲದಲ್ಲಿ ಎಲೆ ಉದುರಿ ಕೊಳೆತಾಗ ಗಾಳಿಗೆ ಮರಳುತ್ತದೆ. ಇಡೀ ಗೋಳಾರ್ಧದ ಈ ಒಂದು ಉಸಿರನ್ನು ಮನುಷ್ಯ ಮೊದಲ ಬಾರಿಗೆ ಸ್ಪಷ್ಟ ಅಂಕಿಗಳಲ್ಲಿ ಕಂಡದ್ದು ಸಾಗರದ ಮಧ್ಯದ ಈ ಬೋಳು ಬಂಡೆಯ ಮೇಲೆ ನಿಂತು. ಉತ್ತರಧ್ರುವದ ಕಡೆಗಿನ ಅಲಾಸ್ಕದ ಬ್ಯಾರೋ ನೆಲೆಯಲ್ಲಿ ಈ ಏರಿಳಿತ 15 ಪಿಪಿಎಂ ದಾಟುತ್ತದೆ, ಕಾಡೇ ಇಲ್ಲದ ದಕ್ಷಿಣಧ್ರುವದಲ್ಲಿ ಒಂದೆರಡಕ್ಕೇ ಮುಗಿಯುತ್ತದೆ.

ಉಸಿರಾಟದ ಹಿಂದೆ ಇನ್ನೊಂದು ಸಂಗತಿ ಅಡಗಿತ್ತು. ಪ್ರತಿ ವರ್ಷದ ಇಳಿತ ಹಿಂದಿನ ವರ್ಷದ ಮಟ್ಟಕ್ಕೆ ತಲುಪುತ್ತಿರಲಿಲ್ಲ. ಇಡೀ ಗೆರೆಯೇ ಮೇಲಕ್ಕೆ ಸಾಗುತ್ತಿತ್ತು. ಮನುಷ್ಯ ಸುಡುವ ಕಲ್ಲಿದ್ದಲು-ತೈಲದ ಹೊಗೆಯನ್ನೆಲ್ಲ ಸಾಗರ ನುಂಗಿಕೊಳ್ಳುತ್ತದೆ ಎಂದು ನಂಬಿದ್ದ ಕಾಲ ಅದು. 1960ರಲ್ಲೇ ಕೀಲಿಂಗ್ ತಮ್ಮ ಲೇಖನದಲ್ಲಿ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೆಂದು ತೋರಿಸಿದರು.

ಆ ಏರಿಕೆಯ ವೇಗವನ್ನು ನೋಡಿ. 316ರಿಂದ 340ಕ್ಕೆ, ಅಂದರೆ ಮೊದಲ 24 ಪಿಪಿಎಂ ಏರಲು 1959ರಿಂದ 1981ರವರೆಗೆ 22 ವರ್ಷ ಹಿಡಿಯಿತು. ತೀರಾ ಈಚಿನ 24 ಪಿಪಿಎಂ, ಸುಮಾರು 400ರಿಂದ 424ಕ್ಕೆ, 2015ರಿಂದ 2024ರವರೆಗಿನ 9 ವರ್ಷಗಳಲ್ಲೇ ಏರಿಬಿಟ್ಟಿತು. 2014ರ ಏಪ್ರಿಲ್‌ನಲ್ಲಿ ಮೊದಲ ಸಲ ಒಂದು ತಿಂಗಳ ಸರಾಸರಿ 400 ದಾಟಿತು. ಎರಡೇ ವರ್ಷಗಳಲ್ಲಿ, 2016ರ ಸೆಪ್ಟೆಂಬರ್‌ನಲ್ಲಿ, ವರ್ಷದ ಅತಿ ಕಡಿಮೆ ಹೊತ್ತಿನಲ್ಲೂ ಅಂಕಿ 400ರ ಕೆಳಗಿಳಿಯಲಿಲ್ಲ.

ಇದಕ್ಕಿಂತ ಹಿಂದಿನ ಲೆಕ್ಕ ಅಂಟಾರ್ಕ್ಟಿಕದ ಹಿಮದಲ್ಲಿದೆ. ಹಿಮದಾಳದ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯನ್ನು ಅಳೆದವರು 8 ಲಕ್ಷ ವರ್ಷಗಳ ಚರಿತ್ರೆ ಓದಿದ್ದಾರೆ. ಆ 8 ಲಕ್ಷ ವರ್ಷಗಳಲ್ಲಿ ಅಂಕಿ ಸುಮಾರು 300ರ ಗೆರೆ ದಾಟಿ ಮೇಲೆ ಹೋದದ್ದಿಲ್ಲ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಅದು 280ರ ಸುತ್ತಮುತ್ತ ಇತ್ತು. ಕೊನೆಯ ಹಿಮಯುಗ ಮುಗಿದು ಭೂಮಿ ಬೆಚ್ಚಗಾದಾಗ ಸುಮಾರು 80 ಪಿಪಿಎಂ ಏರಿತ್ತು, ಅದಕ್ಕೆ ಹಿಡಿದದ್ದು 6 ಸಾವಿರಕ್ಕೂ ಹೆಚ್ಚು ವರ್ಷ. ಮೌನಾ ಲೋವಾದ ಗೆರೆ ಒಬ್ಬ ಮನುಷ್ಯನ ಆಯುಷ್ಯದೊಳಗೆ ನೂರಕ್ಕೂ ಹೆಚ್ಚು ಏರಿದೆ.

ಅರ್ಧ ಎಲ್ಲಿ ಹೋಯಿತು?

ಈಗ ಖರ್ಚಿನ ಬದಿಯನ್ನೂ ತೆರೆದು ನೋಡೋಣ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. ಅದು ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋ. ಮುಕ್ಕಾಲು ಕಿಲೋದಿಂದ ಎರಡು ಕಿಲೋಗೂ ಹೆಚ್ಚು ಹೇಗೆ ಬಂತು ಎಂದರೆ, ಪೆಟ್ರೋಲಿನ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರಿ ತೂಕ ಹೆಚ್ಚುತ್ತದೆ. ನಮ್ಮ ಸ್ಕೂಟರಿನಿಂದ ಹಿಡಿದು ವಿದ್ಯುತ್ ಸ್ಥಾವರಗಳವರೆಗೆ, ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟು ಎಲ್ಲ ಸೇರಿ ಮಾನವಕುಲ ವರ್ಷಕ್ಕೆ ಹೊರಹಾಕುವುದು ಸುಮಾರು 3,700 ಕೋಟಿ ಟನ್. ಸೆಕೆಂಡಿಗೆ ಲೆಕ್ಕ ಹಾಕಿದರೆ 1,100 ಟನ್‌ಗೂ ಹೆಚ್ಚು. ನೀವು ಈ ಒಂದು ವಾಕ್ಯ ಓದುವಷ್ಟರಲ್ಲಿ ಕೆಲವು ಸಾವಿರ ಟನ್ ಗಾಳಿ ಸೇರಿರುತ್ತದೆ.

ಇದಕ್ಕೆ ಕಾಡು ಕಡಿದ ಲೆಕ್ಕ ಕೂಡಿಸಿ 780 ಕೋಟಿಯಿಂದ ಭಾಗಿಸಿದರೆ ಅಂಕಿ ವರ್ಷಕ್ಕೆ 5 ಪಿಪಿಎಂ ಏರಬೇಕಿತ್ತು. ಏರುತ್ತಿರುವುದು ಸರಾಸರಿ 2.5ರಷ್ಟು. ಉಳಿದರ್ಧ ಎಲ್ಲಿ? ಸಾಗರಗಳು ಸುಮಾರು ಕಾಲು ಭಾಗವನ್ನು ನುಂಗುತ್ತಿವೆ, ಮರಗಿಡ ಮತ್ತು ಮಣ್ಣು ಮತ್ತೊಂದು ಕಾಲು ಭಾಗವನ್ನು. ಪ್ರತಿ ವರ್ಷ ಸಾವಿರಾರು ಕೋಟಿ ಟನ್ ಹೊರೆಯನ್ನು ಬಿಲ್ಲು ಕೇಳದೆ ಹೊತ್ತುಕೊಳ್ಳುತ್ತಿರುವವು ಕಾಡು ಮತ್ತು ಕಡಲು. ಈ ಉಪಕಾರ ನಮಗೆ ತಿಳಿದದ್ದೂ ಬೆಟ್ಟದ ಅಂಕಿಯನ್ನು ಹೊಗೆಯ ಅಂಕಿಯಿಂದ ಕಳೆದದ್ದರಿಂದಲೇ.

ಇನ್ನೊಂದು ಪಾಠ 2020ರಲ್ಲಿ ಸಿಕ್ಕಿತು. ಕೋವಿಡ್ ಕಾಲದಲ್ಲಿ ವಿಮಾನಗಳು ನಿಂತವು, ಊರಿಗೂರೇ ಬಾಗಿಲು ಹಾಕಿತು. ಆ ವರ್ಷ ಜಗತ್ತಿನ ಹೊಗೆ ಶೇಕಡ 5ರ ಆಸುಪಾಸು ತಗ್ಗಿತು. ಆದರೂ ಆ ವರ್ಷದ ಮೇ ತಿಂಗಳಲ್ಲಿ ಮೌನಾ ಲೋವಾ ತೋರಿಸಿದ್ದು 417, ಅಲ್ಲಿಯವರೆಗಿನ ಅತಿ ಹೆಚ್ಚು. ಸುರಿಯುವ ವೇಗ ಕೊಂಚ ತಗ್ಗಿದ ಮಾತ್ರಕ್ಕೆ ಮಟ್ಟ ಇಳಿಯುವುದಿಲ್ಲ. ಸುರಿಯುವುದೇ ನಿಲ್ಲುವ ಹತ್ತಿರ ಬರಬೇಕು.

ಕಳ್ಳಕಾರ್ಖಾನೆ ಹಿಡಿದ ಪ್ರಯೋಗಾಲಯ

1970ರಲ್ಲಿ ಅಮೆರಿಕ ಸರ್ಕಾರ ತನ್ನ ಹವಾಮಾನ ಮತ್ತು ಸಾಗರ ಇಲಾಖೆಗಳನ್ನು ಒಂದುಗೂಡಿಸಿ ನೋವಾ ಎಂಬ ಸಂಸ್ಥೆ ಕಟ್ಟಿತು. ಮೌನಾ ಲೋವಾ ಅದರ ಕೈಗೆ ಬಂತು. ಅಲಾಸ್ಕ, ಸಮೋವಾ ಮತ್ತು ದಕ್ಷಿಣಧ್ರುವದ ನೆಲೆಗಳು ಜೊತೆಗೂಡಿದವು. ಇಂಗಾಲದ ಡೈಆಕ್ಸೈಡ್ ಜೊತೆಗೆ ಈ ಜಾಲ ಓಜೋನ್, ಮೀಥೇನ್, ಧೂಳು, ಬಿಸಿಲು ಎಲ್ಲವನ್ನೂ ಅಳೆಯಿತು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೋ ಜ್ವಾಲಾಮುಖಿ ಸಿಡಿದು 1.5 ಕೋಟಿ ಟನ್‌ಗೂ ಹೆಚ್ಚು ಗಂಧಕದ ಡೈಆಕ್ಸೈಡನ್ನು ಮೇಲಕ್ಕೆ ಎಸೆದಾಗ, ಸಾವಿರಾರು ಕಿಲೋಮೀಟರ್ ದೂರದ ಮೌನಾ ಲೋವಾದಲ್ಲಿ ಬಿಸಿಲೇ ಮಂಕಾದದ್ದು ದಾಖಲಾಯಿತು. ಮರುವರ್ಷ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ತಗ್ಗಿತು.

ಇದಕ್ಕಿಂತ ರೋಚಕವಾದದ್ದು ಸಿಎಫ್‌ಸಿ-11ರ ಪ್ರಕರಣ. ಓಜೋನ್ ಪದರ ತಿನ್ನುವ ಈ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದ ನಿಯಂತ್ರಣಕ್ಕೆ ತಂದಿತು, 2010ರ ಹೊತ್ತಿಗೆ ಎಲ್ಲ ದೇಶಗಳೂ ಅದರ ತಯಾರಿಕೆ ನಿಲ್ಲಿಸಬೇಕಿತ್ತು. ಗಾಳಿಯಲ್ಲಿ ಅದರ ಪ್ರಮಾಣ ಎಷ್ಟು ಗೊತ್ತೇ? ಒಂದು ಲಕ್ಷ ಕೋಟಿ ಅಣುಗಳಲ್ಲಿ ಕೇವಲ 230ರಷ್ಟು. ಇಷ್ಟು ಅತ್ಯಲ್ಪ ಅನಿಲವನ್ನೂ ನೋವಾದ ವಿಜ್ಞಾನಿಗಳು ಮೌನಾ ಲೋವಾ ಮತ್ತಿತರ ನೆಲೆಗಳಲ್ಲಿ ದಶಕಗಳಿಂದ ಎಣಿಸುತ್ತ ಬಂದಿದ್ದರು. ಅದು ನಿರೀಕ್ಷೆಯಂತೆ ಇಳಿಯುತ್ತಿತ್ತು. 2012ರ ನಂತರ ಇಳಿಯುವ ವೇಗ ಸುಮಾರು ಅರ್ಧಕ್ಕೆ ಕುಸಿಯಿತು. ಎಲ್ಲೋ ಯಾರೋ ಗುಟ್ಟಾಗಿ ಹೊಸದಾಗಿ ತಯಾರಿಸುತ್ತಿದ್ದಾರೆ, ವರ್ಷಕ್ಕೆ ಸುಮಾರು 13 ಸಾವಿರ ಟನ್ ಹೆಚ್ಚುವರಿಯಾಗಿ ಗಾಳಿ ಸೇರುತ್ತಿದೆ, ಅದು ಪೂರ್ವ ಏಷ್ಯಾದ ಕಡೆಯಿಂದ ಎಂದು ಸ್ಟೀಫನ್ ಮಾಂಟ್ಸ್ಕಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಮರುವರ್ಷ ಕೊರಿಯ ಮತ್ತು ಜಪಾನಿನ ನೆಲೆಗಳ ಅಂಕಿಗಳು ಅದರ ದೊಡ್ಡ ಪಾಲಿಗೆ ಪೂರ್ವ ಚೀನಾದತ್ತ ಬೆರಳು ತೋರಿಸಿದವು. ಆಮೇಲೆ ಹೊರಸೂಸುವಿಕೆ ಗಣನೀಯವಾಗಿ ಇಳಿಯಿತು. ಯಾವ ದೇಶದ ಗಡಿಯನ್ನೂ ದಾಟದೆ, ಯಾವ ಕಾರ್ಖಾನೆಯ ಬೀಗವನ್ನೂ ಮುರಿಯದೆ, ಗಾಳಿ ಎಣಿಸಿಯೇ ಕಳ್ಳತನ ಹಿಡಿದದ್ದು ಹೀಗೆ.

ಗೆರೆ ಕಡಿದ ದಿನಗಳು

ಇಂಥ ಗೆರೆ ಒಂದೆರಡು ಸಲ ಕಡಿದದ್ದೂ ಇದೆ. 1964ರ ವಸಂತದಲ್ಲಿ ಸರ್ಕಾರ ಹಣ ಕಡಿತ ಮಾಡಿದ್ದರಿಂದ ಸುಮಾರು ಮೂರು ತಿಂಗಳು ಅಳತೆ ನಿಂತುಹೋಯಿತು. ಆ ತಿಂಗಳುಗಳ ಗಾಳಿಯನ್ನು ಇನ್ನು ಯಾರೂ, ಎಷ್ಟು ಕೋಟಿ ಸುರಿದರೂ, ಅಳೆದು ತರಲಾರರು.

2022ರ ನವೆಂಬರ್ 27ರ ರಾತ್ರಿ ಬೆಟ್ಟವೇ ಎದ್ದಿತು. 38 ವರ್ಷಗಳ ನಿದ್ದೆಯ ನಂತರ ಮೌನಾ ಲೋವಾ ಸಿಡಿಯಿತು. ಮರುದಿನ ಲಾವಾ ಹರಿದು ಪ್ರಯೋಗಾಲಯದ ರಸ್ತೆಯನ್ನೂ ವಿದ್ಯುತ್ ಕಂಬಗಳನ್ನೂ ನುಂಗಿತು. ಯಂತ್ರಗಳು ಸ್ತಬ್ಧವಾದವು. ಸಿಬ್ಬಂದಿ ಕೈಕಟ್ಟಿ ಕೂರಲಿಲ್ಲ. ಸುಮಾರು 34 ಕಿಲೋಮೀಟರ್ ದೂರದ ಇನ್ನೊಂದು ಬೆಟ್ಟ ಮೌನಾ ಕೇಯಾದ ಮೇಲಿನ ದೂರದರ್ಶಕದ ಕಟ್ಟಡದಲ್ಲಿ ಉಪಕರಣ ಜೋಡಿಸಿ, ಹತ್ತು ದಿನಗಳ ಆಸುಪಾಸಿನಲ್ಲೇ ಮತ್ತೆ ಎಣಿಕೆ ಶುರುಮಾಡಿದರು. 2023ರ ಮಾರ್ಚ್‌ನಲ್ಲಿ ಸೌರವಿದ್ಯುತ್ತಿನ ಬಲದಿಂದ ಹಳೆಯ ಜಾಗದಲ್ಲೂ ಕೆಲವು ಅಳತೆಗಳು ಮರಳಿದವು.

ಲಾವಾಕ್ಕಿಂತ ದೊಡ್ಡ ಗಂಡಾಂತರ ಕಚೇರಿಯ ಮೇಜಿನಿಂದ ಬಂತು. 2025ರಲ್ಲಿ ಅಮೆರಿಕ ಸರ್ಕಾರ ಮುಂದಿಟ್ಟ 2026ರ ಬಜೆಟ್ ಪ್ರಸ್ತಾವದಲ್ಲಿ ನೋವಾದ ಹವಾಮಾನ ಸಂಶೋಧನಾ ಪ್ರಯೋಗಾಲಯಗಳಿಗೆ ಹಣವನ್ನೇ ಇಡಲಿಲ್ಲ. ಅದರಲ್ಲಿ ಮೌನಾ ಲೋವಾವೂ ಸೇರಿತ್ತು. ಪ್ರಸ್ತಾವ ಬೇರೆ, ಸಂಸತ್ತು ಒಪ್ಪುವುದು ಬೇರೆ, ನಿಜ. ಆದರೆ ಮನುಕುಲದ ಇಂಥ ಲೆಕ್ಕದ ಪುಸ್ತಕವನ್ನು ಮುಚ್ಚಿಬಿಡಬಹುದು ಎಂದು ಒಂದು ಸರ್ಕಾರ ಯೋಚಿಸಿದ್ದೇ ಗಾಬರಿ ಹುಟ್ಟಿಸುವ ಸಂಗತಿ. ಗೆರೆಯ ಬೆಲೆ ಅದರ ಯಾವುದೋ ಒಂದು ಬಿಂದುವಿನಲ್ಲಿಲ್ಲ, ಅದು ಇಷ್ಟು ದೀರ್ಘಕಾಲ ಮುಂದುವರಿದು ಬಂದಿರುವುದರಲ್ಲಿದೆ.

ನಮ್ಮ ಪಾಲಿನ ಎಣಿಕೆ

ಈ ಕೆಲಸ ನಮಗೆ ಹೊರಗಿನದಲ್ಲ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರಿಗೂ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಬೆಂಗಳೂರಿನದೇ ಆದ ಸಿಎಸ್‌ಐಆರ್‌ನ ಫೋರ್ತ್ ಪ್ಯಾರಡೈಮ್ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ ಅಲ್ಲಿ 2005ರಿಂದ ಇಂಗಾಲದ ಡೈಆಕ್ಸೈಡ್ ಅಳತೆ ಶುರುಮಾಡಿದರು. ಪುದುಚೇರಿ ಮತ್ತು ಪೋರ್ಟ್ ಬ್ಲೇರ್‌ಗಳಲ್ಲೂ ಬುರುಡೆಗಳಲ್ಲಿ ಗಾಳಿ ಹಿಡಿದರು. ಕಾರವಾರದಿಂದ ಬಡಗಣಕ್ಕೆ ಹೋದರೆ ಸಿಗುವ ಗೋವಾದ ಕಾಣಕೋಣ ತಾಲೂಕಿನ ಕೇಪ್ ರಾಮಾ ಎಂಬ ಕಡಲಂಚಿನ ದಿಬ್ಬದಲ್ಲಿ 1993ರಲ್ಲೇ ಈ ಕೆಲಸ ಆರಂಭವಾಗಿತ್ತು. ಅಲ್ಲಿ ಹಿಡಿದ ಗಾಳಿ ಅಳತೆಗೆಂದು ಆಸ್ಟ್ರೇಲಿಯಕ್ಕೆ ಪ್ರಯಾಣ ಮಾಡುತ್ತಿತ್ತು. ಮುಂಗಾರಿನಲ್ಲಿ ಆ ದಿಬ್ಬಕ್ಕೆ ಬರುವುದು ಭೂಮಧ್ಯರೇಖೆಯ ಆಚೆಯಿಂದ ಸಾಗರ ದಾಟಿ ಬಂದ ಗಾಳಿ, ಚಳಿಗಾಲದಲ್ಲಿ ನಮ್ಮದೇ ನೆಲದ ಗಾಳಿ. ಒಂದೇ ಜಾಗದಲ್ಲಿ ನಿಂತು ಎರಡು ಗೋಳಾರ್ಧಗಳನ್ನು ಅಳೆಯಬಲ್ಲ ಅಪರೂಪದ ನೆಲೆ. ಅದರ ದಾಖಲೆಯೂ ನಡುವೆ ವರ್ಷಗಟ್ಟಲೆ ಕಡಿದುಹೋಗಿದೆ.

ಜಗತ್ತಿನ ಹೊಗೆಯಲ್ಲಿ ಸುಮಾರು ಶೇಕಡ 8 ಭಾರತದ್ದು, ಜಗತ್ತಿನ ಜನರಲ್ಲಿ ಆರನೇ ಒಂದು ಭಾಗಕ್ಕೂ ಹೆಚ್ಚು ನಾವು. ತಲೆಗೆ ಲೆಕ್ಕ ಹಾಕಿದರೆ ನಮ್ಮದು ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವರದು 14ರ ಆಸುಪಾಸು. ನ್ಯಾಯದ ಮಾತು ಆಡಬೇಕಾದಾಗ ಈ ಅಂಕಿಗಳೇ ನಮ್ಮ ಬಾಯಿ. ಹಾಗಿದ್ದಮೇಲೆ ನಮ್ಮ ಗಾಳಿಯನ್ನು ನಾವೇ, ನಮ್ಮ ಹಣದಲ್ಲೇ, ತಲೆಮಾರುಗಟ್ಟಲೆ ಅಳೆಯಬೇಕು. ಪಶ್ಚಿಮಘಟ್ಟದ ಒಂದು ಎತ್ತರದಲ್ಲಿ, ಕರಾವಳಿಯ ಒಂದು ದಿಬ್ಬದಲ್ಲಿ ನೆಲೆ ಹಾಕಿ, ಮೂರು ವರ್ಷದ ಯೋಜನೆ ಎನ್ನದೆ ಐವತ್ತು ವರ್ಷದ ಹೊಣೆ ಎಂದು ಹಣ ಮೀಸಲಿಡಬೇಕು. ವಿಶ್ವವಿದ್ಯಾಲಯಗಳೂ ಸರ್ಕಾರವೂ ಇದನ್ನು ಈಗಲೇ ಮಾಡಬೇಕು, ಏಕೆಂದರೆ ಈ ವರ್ಷದ ಗಾಳಿಯನ್ನು ಮುಂದಿನ ವರ್ಷ ಅಳೆಯಲಾಗದು.

ಓದುಗರಿಗೂ ಒಂದು ಮಾತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಎಷ್ಟೋ ತೋಟದ ಮನೆಗಳಲ್ಲಿ ಇಂಚು-ಸೆಂಟುಗಳಲ್ಲಿ ಮಳೆ ಬರೆದಿಟ್ಟ ಪುಸ್ತಕಗಳಿವೆ, ಕೆಲವು ಅಜ್ಜನ ಕಾಲದವು. ಅವನ್ನು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿಗೋ ಸಂಶೋಧಕರಿಗೋ ಒಂದು ಪ್ರತಿ ಕೊಡಿ, ಮತ್ತು ಇವತ್ತಿನ ಮಳೆಯನ್ನೂ ಅದರಲ್ಲೇ ಬರೆಯಿರಿ.